ಶಾಲೆಯ ಗೋಡೆಯ ಮೇಲಿನ ಚಿತ್ರ: ಮಕ್ಕಳಿಗೆ ಕಲೆಯನ್ನು ನೋಡಲು ಕಲಿಸಿದ ಪ್ರಯತ್ನಗಳ ಚರಿತ್ರೆ

ಮಕ್ಕಳಿಗೆ ಚಿತ್ರ ಬರೆಯುವುದನ್ನು ಕಲಿಸಬೇಕೆಂಬ ವಿಚಾರ ಆಧುನಿಕ ಶಾಲಾ ವ್ಯವಸ್ಥೆಯೊಳಗೆ ಮೊದಲು ಬಂದಿತು. ಬೇರೆಯವರು ಬರೆದ ಚಿತ್ರವನ್ನು ನೋಡಿ ಸವಿಯುವುದನ್ನೂ ಅದರ ಗುಣದೋಷಗಳನ್ನು ತೂಗುವುದನ್ನೂ ಕಲಿಸಬೇಕೆಂಬ ವಿಚಾರ ಬಹಳ ತಡವಾಗಿ, ಅದೂ ಅಳುಕುತ್ತಲೇ ಅದರ ಹಿಂದೆ ಬಂದಿತು. ಈ ಎರಡನ್ನೂ ಇಂದು ಕಲಾಶಿಕ್ಷಣವೆಂಬ ಒಂದೇ ಹೆಸರಿನಿಂದ ಕರೆಯುವುದರಿಂದ ಅವು ಒಂದೇ ಬೇರಿನಿಂದ ಬೆಳೆದವೆಂದು ತೋರುತ್ತದೆಯಾದರೂ, ಮೊದಲನೆಯದು ಕಾರ್ಖಾನೆಯ ಅಗತ್ಯದಿಂದ ಹುಟ್ಟಿದ್ದು, ಎರಡನೆಯದು ಆ ಕಾರ್ಖಾನೆಯ ಹೊಗೆಗೆ ಹೇಸಿದವರ ಮನಸ್ಸಿನಿಂದ ಹುಟ್ಟಿದ್ದು.

1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾ ವಸ್ತುಪ್ರದರ್ಶನದ ಬಳಿಕ, ಬ್ರಿಟಿಷ್ ಯಂತ್ರಗಳು ಎಷ್ಟೇ ಬಲವಾಗಿದ್ದರೂ ಅವು ತಯಾರಿಸುವ ಬಟ್ಟೆ, ಪಿಂಗಾಣಿ, ಪೀಠೋಪಕರಣಗಳ ವಿನ್ಯಾಸ ಫ್ರೆಂಚರದಕ್ಕಿಂತ ಕೀಳೆಂಬ ಚಿಂತೆ ಅಲ್ಲಿನ ಆಡಳಿತಗಾರರನ್ನು ಕಾಡಿತು. ಹೆನ್ರಿ ಕೋಲ್ ಎಂಬ ಅಧಿಕಾರಿಯ ಮುಂದಾಳ್ತನದಲ್ಲಿ 1852ರಲ್ಲಿ ಸ್ಥಾಪನೆಯಾದ ಸರ್ಕಾರಿ ಇಲಾಖೆಯು ಕಲಾವಿದ ರಿಚರ್ಡ್ ರೆಡ್‌ಗ್ರೇವ್ ಸಿದ್ಧಪಡಿಸಿದ 23 ಹಂತಗಳ ಪಠ್ಯಕ್ರಮವೊಂದನ್ನು ಜಾರಿಗೆ ತಂದಿತು. ಇದೇ ಮುಂದೆ ಸೌತ್ ಕೆನ್ಸಿಂಗ್ಟನ್ ಪದ್ಧತಿಯೆಂದು ಹೆಸರಾಯಿತು. ಕಲಿಯುವವನು ಮೊದಲು ಹಾಳೆಯ ಮೇಲಿನ ರೇಖೆಗಳನ್ನು ನಕಲು ಮಾಡಬೇಕು, ನಂತರ ಪ್ಲಾಸ್ಟರಿನ ಅಲಂಕಾರಗಳ ಹೊರರೇಖೆ, ಆಮೇಲೆ ಅವುಗಳ ನೆರಳುಬೆಳಕು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಒಂದೇ ಪ್ಲಾಸ್ಟರ್ ಮೂರ್ತಿಯ ನೆರಳನ್ನು ಸೂಕ್ಷ್ಮ ಚುಕ್ಕೆಗಳಲ್ಲಿ ತುಂಬುತ್ತಾ, ತಪ್ಪಿದ್ದನ್ನು ಬ್ರೆಡ್ಡಿನ ಮೆದುಭಾಗದಿಂದ ಅಳಿಸುತ್ತಾ ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಕುಳಿತಿರುತ್ತಿದ್ದರು. ಪರೀಕ್ಷೆಯ ಫಲಿತಾಂಶಕ್ಕೆ ತಕ್ಕಂತೆ ಶಾಲೆಗೆ ಹಣ ಕೊಡುವ ಕ್ರಮವಿದ್ದುದರಿಂದ, ಅಳೆಯಲು ಬಾರದ ಯಾವುದಕ್ಕೂ ಆ ತರಗತಿಯಲ್ಲಿ ಜಾಗವಿರಲಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯವು 1870ರಲ್ಲಿ, ಹತ್ತು ಸಾವಿರಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳು ಔದ್ಯೋಗಿಕ ರೇಖಾಚಿತ್ರವನ್ನು ಉಚಿತವಾಗಿ ಕಲಿಸಬೇಕೆಂದು ಕಾನೂನು ಮಾಡಿ, ಮರುವರ್ಷ ಇದೇ ಪದ್ಧತಿಯಲ್ಲಿ ಪಳಗಿದ ವಾಲ್ಟರ್ ಸ್ಮಿತ್‌ನನ್ನು ಇಂಗ್ಲೆಂಡಿನಿಂದ ಕರೆಸಿಕೊಂಡಿತು. ಕೈ ಪಳಗಿದರೆ ಕಣ್ಣು ತಾನಾಗಿ ಪಳಗುತ್ತದೆಯೆಂಬ ನಂಬಿಕೆ ಇಷ್ಟೂ ವ್ಯವಸ್ಥೆಯ ತಳಹದಿಯಾಗಿತ್ತು. ಆ ನಂಬಿಕೆಯನ್ನು ಯಾರೂ ಪರೀಕ್ಷಿಸಿ ನೋಡಿರಲಿಲ್ಲ.

ಈ ಧೋರಣೆಗೆ ಎದುರಾಗಿ ನಿಂತವರಲ್ಲಿ ಮೊದಲಿಗ ಜಾನ್ ರಸ್ಕಿನ್. ಚಿತ್ರ ಬರೆಯುವುದನ್ನು ಕಲಿಸುವ ಉದ್ದೇಶವೇ ಜನ ಪ್ರಕೃತಿಯನ್ನೂ ಕಲೆಯನ್ನೂ ಸರಿಯಾಗಿ ಕಾಣುವಂತೆ ಮಾಡುವುದೆಂದು ಆತ ವಾದಿಸಿದನು. 1857ರಲ್ಲಿ ಮ್ಯಾಂಚೆಸ್ಟರಿನಲ್ಲಿ ಮಾಡಿದ ಉಪನ್ಯಾಸಗಳಲ್ಲಿ ಶಾಲೆಯ ಬರಿ ಗೋಡೆಗಳನ್ನು ಒಳ್ಳೆಯ ಚಿತ್ರಗಳಿಂದ ತುಂಬಬೇಕೆಂಬ ಮಾತನ್ನೂ ಎತ್ತಿದನು. ಆ ಮಾತನ್ನು ಕಾರ್ಯಕ್ಕಿಳಿಸಿದವನು ಅದೇ ಊರಿನ ಥಾಮಸ್ ಹಾರ್ಸ್‌ಫಾಲ್. ಹತ್ತಿಗಿರಣಿಗಳ ನಡುವೆ ಉಸಿರುಗಟ್ಟಿದ್ದ ಆನ್‌ಕೋಟ್ಸ್ ಬಡಾವಣೆಯ ಹಳೆಯ ಮನೆಯೊಂದರಲ್ಲಿ 1886ರಲ್ಲಿ ಆತ ನೆಲೆಗೊಳಿಸಿದ ಕಲಾ ಸಂಗ್ರಹಾಲಯವು ಕಾರ್ಮಿಕರಿಗೂ ಅವರ ಮಕ್ಕಳಿಗೂ ಮೀಸಲಾಗಿತ್ತು. ಕಾಡುಹೂವನ್ನು ಎಂದೂ ಕಾಣದ ಮಗುವಿಗೆ ಹೂವಿನ ಚಿತ್ರ ಏನನ್ನೂ ಹೇಳಲಾರದೆಂದು ಮನಗಂಡಿದ್ದ ಹಾರ್ಸ್‌ಫಾಲ್, ಕಲಾಕೃತಿಗಳ ಜೊತೆಗೆ ಹೂವು, ಹಕ್ಕಿ, ಮರಗಳ ಚಿತ್ರಗಳನ್ನೂ ಇಟ್ಟನು. ಪ್ರತಿ ಚಿತ್ರದ ಕೆಳಗೂ ಉದ್ದುದ್ದ ವಿವರಣೆಯ ಚೀಟಿ ಅಂಟಿಸಿದನು. ಚಿತ್ರಗಳ ಕಟ್ಟುಗಳನ್ನು ಶಾಲೆಗಳಿಗೆ ಎರವಲು ಕಳುಹಿಸಿದನು. ಶಾಲಾ ಅವಧಿಯಲ್ಲಿ ಮಕ್ಕಳನ್ನು ಸಂಗ್ರಹಾಲಯಕ್ಕೆ ಕರೆದೊಯ್ದರೆ ಅದನ್ನು ಹಾಜರಿಯೆಂದೇ ಎಣಿಸಬೇಕೆಂದು ಆತ ಹೋರಾಡಿದ ಫಲವಾಗಿ 1890ರ ದಶಕದಲ್ಲಿ ಇಂಗ್ಲೆಂಡಿನ ಶಿಕ್ಷಣ ನಿಯಮಾವಳಿಯೇ ತಿದ್ದುಪಡಿಯಾಯಿತು. ಶಾಲಾ ಮಕ್ಕಳ ಸಂಗ್ರಹಾಲಯ ಭೇಟಿ ಇಂದು ಜಗತ್ತಿನಾದ್ಯಂತ ಸಹಜವೆನಿಸಿರುವುದರ ಹಿಂದೆ ಹೆಚ್ಚು ಜನರಿಗೆ ಹೆಸರೂ ತಿಳಿಯದ ಈ ಮನುಷ್ಯನ ಪಟ್ಟು ಇದೆ. ಆದರೂ ಅವನ ಉದ್ದನೆಯ ಚೀಟಿಗಳು ಒಂದು ತೊಡಕನ್ನು ಉಳಿಸಿದವು: ಚಿತ್ರದಲ್ಲಿ ಏನನ್ನು ಕಾಣಬೇಕು, ಕಂಡು ಏನನ್ನು ಭಾವಿಸಬೇಕು ಎಂಬುದನ್ನು ಮಗು ಕಣ್ಣೆತ್ತುವ ಮೊದಲೇ ಬೇರೊಬ್ಬರು ಬರೆದಿಟ್ಟಿರುತ್ತಿದ್ದರು.

ಈ ತೊಡಕನ್ನು ನೇರವಾಗಿ ಕೈಗೆತ್ತಿಕೊಂಡವನು ಜರ್ಮನಿಯ ಆಲ್ಫ್ರೆಡ್ ಲಿಖ್ಟ್‌ವಾರ್ಕ್. ಹಾಂಬುರ್ಗಿನ ಬಳಿ ಹಿಟ್ಟಿನ ಗಿರಣಿಯವನ ಮಗನಾಗಿ 1852ರಲ್ಲಿ ಹುಟ್ಟಿ, ಪ್ರಾಥಮಿಕ ಶಾಲೆಯ ಮಾಸ್ತರನಾಗಿ ದುಡಿದು, 1886ರಲ್ಲಿ ಆ ನಗರದ ಕಲಾ ಸಂಗ್ರಹಾಲಯದ ನಿರ್ದೇಶಕನಾದ ಈತ, ವಿದ್ವತ್ತಿಗಿಂತ ತರಗತಿಯ ಅನುಭವವನ್ನು ಹೆಚ್ಚು ನಂಬಿದ್ದನು. ಬಾಲಕಿಯರ ಶಾಲೆಯೊಂದರ ತರಗತಿಯನ್ನು ಸಂಗ್ರಹಾಲಯಕ್ಕೆ ಕರೆಸಿ, ಚಿತ್ರದ ಮುಂದೆ ನಿಲ್ಲಿಸಿ, ಪ್ರಶ್ನೋತ್ತರಗಳ ಮೂಲಕ ನಡೆಸಿದ ಪಾಠಗಳನ್ನೇ ಆತ ಸಂಭಾಷಣೆಯ ರೂಪದಲ್ಲಿ ಬರೆದು, ಕಲಾಕೃತಿಗಳನ್ನು ನೋಡುವ ಅಭ್ಯಾಸಗಳು ಎಂಬ ಅರ್ಥದ ಹೆಸರಿನಲ್ಲಿ 1890ರ ದಶಕದ ಕೊನೆಗೆ ಪುಸ್ತಕವಾಗಿ ಹೊರತಂದನು. ಮಕ್ಕಳ ಕಲಾಸ್ವಾದನೆಯ ಚರಿತ್ರೆಯಲ್ಲಿ ಈ ಚಿಕ್ಕ ಪುಸ್ತಕಕ್ಕೆ ಸಾಟಿಯಾದದ್ದು ಅದಕ್ಕೆ ಮುಂಚೆ ಇರಲಿಲ್ಲ.

ಅವನ ವಿಧಾನದಲ್ಲಿ ಎರಡು ಸಂಗತಿಗಳು ಗಮನಾರ್ಹವಾಗಿವೆ. ಮೊದಲನೆಯದಾಗಿ, ಶಾಲೆಯಲ್ಲಿ ಕಲೆಯ ಇತಿಹಾಸವನ್ನು ಪಾಠವಾಗಿ ಹೇಳಬಾರದೆಂದು ಆತ ಖಂಡಿತವಾಗಿ ನಿಲುವು ತಳೆದನು. ಶೈಲಿಗಳ ಹೆಸರು, ಕಾಲಮಾನ, ಕಲಾವಿದರ ಪಟ್ಟಿಗಳನ್ನು ಉರುಹಚ್ಚಿದ ಮಗು ತಾನು ನೋಡದ ಚಿತ್ರದ ಬಗ್ಗೆಯೂ ದೊಡ್ಡವರ ತೀರ್ಪನ್ನು ಗಿಣಿಪಾಠದಂತೆ ಒಪ್ಪಿಸುತ್ತದೆಯೇ ಹೊರತು ಮುಂದಿರುವ ಚಿತ್ರವನ್ನು ನೋಡುವುದಿಲ್ಲವೆಂಬುದು ಅವನ ಕಾರಣ. ಆದ್ದರಿಂದ ಚಿತ್ರದಲ್ಲಿ ಯಾರಿದ್ದಾರೆ, ಏನು ಮಾಡುತ್ತಿದ್ದಾರೆ, ಹೊತ್ತು ಯಾವುದು, ಬೆಳಕು ಎತ್ತಲಿಂದ ಬೀಳುತ್ತಿದೆ ಎಂಬ ಪ್ರಶ್ನೆಗಳಿಂದ ಹೊರಟು, ಚಿತ್ರದ ವಸ್ತು ಪೂರ್ತಿಯಾಗಿ ಬಿಡಿಸಿಕೊಂಡ ಮೇಲಷ್ಟೇ ಬಣ್ಣ ಮತ್ತು ಜೋಡಣೆಯ ಕಡೆಗೆ ಅವನು ಹೊರಳುತ್ತಿದ್ದನು. ಎರಡನೆಯದಾಗಿ, ರಾಫೇಲ್ ಮುಂತಾದ ಇಟಲಿಯ ಮಹಾಕಲಾವಿದರಿಂದ ಆರಂಭಿಸುವ ರೂಢಿಯನ್ನು ಬಿಟ್ಟು, ಮಕ್ಕಳು ದಿನವೂ ಕಾಣುವ ಬಂದರು, ಬೀದಿ, ಹೊಲಗಳನ್ನೇ ಬರೆದ ಸ್ಥಳೀಯ ಮತ್ತು ಸಮಕಾಲೀನ ಕಲಾವಿದರ ಕೃತಿಗಳಿಗೆ ಆತ ಮೊದಲ ಸ್ಥಾನ ಕೊಟ್ಟನು. ಅಂಥ ಚಿತ್ರಗಳು ಸಾಲದೆಂದು ಕಂಡಾಗ ಹಾಂಬುರ್ಗಿನ ದೃಶ್ಯಗಳನ್ನು ಬರೆಯಲು ಮಾಕ್ಸ್ ಲೀಬರ್‌ಮಾನ್‌ನಂಥವರಿಗೆ ಸಂಗ್ರಹಾಲಯದಿಂದಲೇ ಕೆಲಸ ವಹಿಸಿದನು. ಕಂಡ ವಸ್ತುವನ್ನೂ ಅದರ ಚಿತ್ರವನ್ನೂ ಮಗು ಪಕ್ಕಪಕ್ಕದಲ್ಲಿಟ್ಟು ನೋಡಬಲ್ಲದಾದರೆ, ಚಿತ್ರಕಾರನು ಏನನ್ನು ಉಳಿಸಿದ, ಏನನ್ನು ಬಿಟ್ಟ, ಏನನ್ನು ಬದಲಿಸಿದ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ವಿಮರ್ಶೆಯ ಮೊದಲ ಹೆಜ್ಜೆಯೂ ಅದೇ.

ಲಿಖ್ಟ್‌ವಾರ್ಕ್‌ನ ಸಂಭಾಷಣೆಗಳನ್ನು ಈಗ ಓದುವವರಿಗೆ, ಮಾಸ್ತರನು ಬಯಸಿದ ಉತ್ತರದ ಕಡೆಗೇ ಪ್ರಶ್ನೆಗಳು ಮಕ್ಕಳನ್ನು ನಡೆಸಿಕೊಂಡು ಹೋಗುತ್ತವೆಯೆಂಬುದು ಮರೆಯಾಗದು. ಬಾಲಕಿಯೊಬ್ಬಳು ಅವನ ಅಭಿಪ್ರಾಯವನ್ನು ಅಲ್ಲಗಳೆದು ತನ್ನ ನೋಟವನ್ನು ಸ್ಥಾಪಿಸುವ ಅವಕಾಶ ಅಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಾಗಿದ್ದರೂ ಮಾತು ಚಿತ್ರದಿಂದ ಹೊರಟು ಚಿತ್ರಕ್ಕೇ ಮರಳಬೇಕೆಂಬ ಶಿಸ್ತನ್ನು ಆತ ಹಾಕಿಕೊಟ್ಟನು. 1901ರಲ್ಲಿ ಡ್ರೆಸ್ಡೆನ್ನಿನಲ್ಲಿ ಸೇರಿದ ಕಲಾಶಿಕ್ಷಣ ಸಮ್ಮೇಳನವು ಈ ಚಳವಳಿಯನ್ನು ದೇಶದ ಮುಂದಿಟ್ಟಿತು, ಮತ್ತು ಅದೇ ವರ್ಷಗಳಲ್ಲಿ ಲೈಪ್‌ಸಿಗ್ ನಗರದ ಎರಡು ಪ್ರಕಾಶನ ಸಂಸ್ಥೆಗಳು ಶಾಲಾ ಗೋಡೆಗಳಿಗೆಂದೇ ಕಲಾವಿದರಿಂದ ನೇರವಾಗಿ ಕಲ್ಲಚ್ಚಿನ ಮೇಲೆ ಬರೆಸಿದ ದೊಡ್ಡ ಬಣ್ಣದ ಚಿತ್ರಗಳನ್ನು ಅಗ್ಗದ ಬೆಲೆಗೆ ಮಾರತೊಡಗಿದವು. ಇವು ಯಾವುದೋ ತೈಲಚಿತ್ರದ ನಕಲುಗಳಲ್ಲದೆ ತಾವೇ ಮೂಲಕೃತಿಗಳಾಗಿದ್ದವು.

ಮೂಲಕ್ಕೂ ನಕಲಿಗೂ ಇರುವ ಈ ಅಂತರ ಎಷ್ಟು ದೊಡ್ಡದೆಂಬುದನ್ನು ಅಮೆರಿಕದ ಚರಿತ್ರೆ ತೋರಿಸುತ್ತದೆ. 1890ರ ದಶಕದಲ್ಲಿ ಛಾಯಾಚಿತ್ರವನ್ನು ಸೂಕ್ಷ್ಮ ಚುಕ್ಕೆಗಳಾಗಿ ಒಡೆದು ಮುದ್ರಿಸುವ ಹಾಫ್‌ಟೋನ್ ತಂತ್ರವು ಚಿತ್ರಗಳ ಬೆಲೆಯನ್ನು ಒಮ್ಮೆಲೇ ಇಳಿಸಿದಾಗ, ಮ್ಯಾಸಚೂಸೆಟ್ಸಿನ ಮಾಲ್ಡನ್ ಊರಿನ ಪೆರಿ ಪಿಕ್ಚರ್ಸ್ ಕಂಪನಿಯು ಪ್ರಸಿದ್ಧ ಕಲಾಕೃತಿಗಳ ಪ್ರತಿಗಳನ್ನು, ಇಪ್ಪತ್ತೈದಕ್ಕೆ ಕಡಿಮೆಯಿಲ್ಲದಂತೆ ಕೊಂಡವರಿಗೆ, ಒಂದಕ್ಕೆ ಒಂದು ಸೆಂಟಿನಂತೆ ಮಾರಿತು. ಐದೂವರೆ ಅಂಗುಲ ಅಗಲ, ಎಂಟು ಅಂಗುಲ ಉದ್ದದ ಆ ಹಾಳೆ ಪ್ರತಿ ಮಗುವಿನ ಡೆಸ್ಕಿನ ಮೇಲೂ ಇರಬಹುದಾಗಿತ್ತು. ಇಂಥ ಪ್ರತಿಗಳ ಬಲದಿಂದಲೇ ಚಿತ್ರಾಭ್ಯಾಸ ಚಳವಳಿಯೆಂದು ಹೆಸರಾದ ಪಾಠಕ್ರಮವು 1890ರ ದಶಕದಿಂದ 1920ರ ದಶಕದವರೆಗೆ ಅಮೆರಿಕದ ಸಾವಿರಾರು ಶಾಲೆಗಳಲ್ಲಿ ಹಬ್ಬಿತು.

ಆ ಪ್ರತಿಗಳು ಕಪ್ಪುಬಿಳುಪಿನವು ಇಲ್ಲವೇ ಕಂದು ಛಾಯೆಯವು. ಮಿಲೆಯ ಆಂಜೆಲಸ್ ಎಂಬ ಚಿತ್ರವನ್ನು ಉದಾಹರಣೆಗೆ ನೋಡಬಹುದು: ಸಂಜೆಯ ಹೊಲದಲ್ಲಿ ಆಲೂಗೆಡ್ಡೆ ಅಗೆಯುತ್ತಿದ್ದ ಗಂಡಸೂ ಹೆಂಗಸೂ ದೂರದ ಚರ್ಚಿನ ಗಂಟೆ ಕೇಳಿ ಕೆಲಸ ನಿಲ್ಲಿಸಿ ತಲೆ ತಗ್ಗಿಸಿದ್ದಾರೆ, ಪಕ್ಕದಲ್ಲಿ ನೆಲಕ್ಕೆ ನಾಟಿದ ಅಗೆಗೋಲು, ಬುಟ್ಟಿ, ತಳ್ಳುಗಾಡಿ. ಮೂಲದಲ್ಲಿ ಇಡೀ ಚಿತ್ರವನ್ನು ಹಿಡಿದಿರುವುದು ದಿಗಂತದಲ್ಲಿ ಆರುತ್ತಿರುವ ಬೆಳಕಿನ ಬಣ್ಣ. ಮುಖಗಳು ಬಹುಮಟ್ಟಿಗೆ ನೆರಳಿನಲ್ಲಿವೆ. ಒಂದು ಸೆಂಟಿನ ಪ್ರತಿಯಲ್ಲಿ ಆ ಬೆಳಕು ಬೂದುಬಣ್ಣದ ಪಟ್ಟಿಯಾಗಿ, ಹೊಲವು ಕಪ್ಪು ಹಾಸಾಗಿ ಉಳಿಯುತ್ತಿತ್ತು. ಶಿಕ್ಷಕಿಗೆ ಹೇಳಲು ಉಳಿದದ್ದು ಕಥೆ ಮಾತ್ರ, ಕಥೆಯಿಂದ ಹಿಂಡಬಹುದಾದದ್ದು ನೀತಿ ಮಾತ್ರ: ದುಡಿಮೆ ಪವಿತ್ರ, ಬಡತನದಲ್ಲೂ ಭಕ್ತಿಯಿರಬೇಕು. ರಾಫೇಲನ ಸಿಸ್ಟೀನ್ ಮಡೋನಾ ಮಾತೃಪ್ರೇಮದ ಪಾಠವಾಯಿತು, ವಾಷಿಂಗ್ಟನ್ನನ ಭಾವಚಿತ್ರ ದೇಶಭಕ್ತಿಯದಾಯಿತು. ಮಕ್ಕಳಿಗೆ ಚಿತ್ರದ ಮೂಲಕ ನೀತಿ ಬೋಧಿಸಿದ್ದಕ್ಕೆ ಆ ಕಾಲದ ಧರ್ಮಶ್ರದ್ಧೆಯನ್ನೂ ವಲಸಿಗರ ಮಕ್ಕಳನ್ನು ಅಮೆರಿಕನ್ನರನ್ನಾಗಿ ಮಾಡುವ ಆತುರವನ್ನೂ ಕಾರಣವಾಗಿ ಹೇಳುವುದು ರೂಢಿ. ಆದರೆ ಬಣ್ಣವನ್ನು ಕಳೆದುಕೊಂಡ ಆ ಹಾಳೆಯೇ ಪಾಠದ ದಾರಿಯನ್ನು ಅಷ್ಟೇ ಬಲವಾಗಿ ನಿರ್ಧರಿಸಿತೆಂಬುದನ್ನು ಮರೆಯಬಾರದು. 1920ರ ದಶಕದಲ್ಲಿ ಚಿತ್ರಸ್ಮರಣೆಯ ಸ್ಪರ್ಧೆಗಳು ಜನಪ್ರಿಯವಾದಾಗ, ಚಿತ್ರವನ್ನು ಗುರುತಿಸಿ ಅದರ ಹೆಸರು, ಕಲಾವಿದ, ಅವನ ದೇಶ ಇಷ್ಟನ್ನು ತಪ್ಪಿಲ್ಲದೆ ಬರೆದ ಮಗುವಿಗೆ ಬಹುಮಾನ ಸಿಗುತ್ತಿತ್ತು. ಲಿಖ್ಟ್‌ವಾರ್ಕ್ ಹೆದರಿದ್ದು ಇದಕ್ಕೇ.

ಅದೇ ಕಾಲದ ಇಂಗ್ಲೆಂಡಿನಲ್ಲಿ ಷಾರ್ಲಟ್ ಮೇಸನ್ ಎಂಬ ಶಿಕ್ಷಣತಜ್ಞೆ ಇಂಥದೇ ಮುದ್ರಿತ ಪ್ರತಿಗಳನ್ನು ಬಳಸಿ ಬೇರೆ ಫಲ ಪಡೆದಳು. ಒಂದು ಶಾಲಾ ಅವಧಿಗೆ ಒಬ್ಬನೇ ಕಲಾವಿದನ ಆರು ಚಿತ್ರಗಳು. ಮಗು ಒಂದು ಚಿತ್ರವನ್ನು ಮೌನವಾಗಿ, ಕಣ್ಣು ಮುಚ್ಚಿದರೂ ಕಾಣುವಷ್ಟು ದಿಟ್ಟಿಸಬೇಕು. ಆಮೇಲೆ ಚಿತ್ರವನ್ನು ಮಗುಚಿಟ್ಟು, ಕಂಡದ್ದನ್ನು ತನ್ನ ಮಾತಿನಲ್ಲಿ ಹೇಳಬೇಕು. ಶಿಕ್ಷಕಿಯ ಮಾತು ಕನಿಷ್ಠ. ಇಲ್ಲಿ ವಿಮರ್ಶೆಗೆ ಎಡೆಯಿರಲಿಲ್ಲವಾದರೂ, ವಿಮರ್ಶೆಗೆ ಬೇಕಾದ ಬಂಡವಾಳ, ಅಂದರೆ ತಾನೇ ನೋಡಿ ನೆನಪಿನಲ್ಲಿಟ್ಟ ವಿವರಗಳು, ಮಗುವಿನ ಬಳಿ ಕೂಡುತ್ತಿದ್ದವು.

ತೀರ್ಪು ಕೊಡುವ ಶಕ್ತಿಯನ್ನು ಅಳೆಯಲು ಹೊರಟವರು ಮನಶ್ಶಾಸ್ತ್ರಜ್ಞರು. ಅಮೆರಿಕದ ಅಯೋವಾದಲ್ಲಿ ನಾರ್ಮನ್ ಮೈಯರ್ ಮತ್ತು ಕಾರ್ಲ್ ಸೀಷೋರ್ 1929ರಲ್ಲಿ ಪ್ರಕಟಿಸಿದ ಕಲಾತೀರ್ಪಿನ ಪರೀಕ್ಷೆಯಲ್ಲಿ 125 ಜೋಡಿ ಚಿತ್ರಗಳಿದ್ದವು. ಪ್ರತಿ ಜೋಡಿಯಲ್ಲಿ ಒಂದು ಹೆಸರಾಂತ ಕೃತಿಯ ಪ್ರತಿ, ಇನ್ನೊಂದು ಅದರ ಸಮತೋಲ ಅಥವಾ ಜೋಡಣೆಯನ್ನು ಬೇಕೆಂದೇ ಕೆಡಿಸಿದ ರೂಪ. ಮೂಲವನ್ನು ಆರಿಸಿದರೆ ಉತ್ತರ ಸರಿ. ಈ ಚಿತ್ರಗಳಲ್ಲೂ ಬಣ್ಣವಿರಲಿಲ್ಲ. ಎರಡನ್ನು ಹೋಲಿಸಿ ನೋಡುವುದು ಕಲಾವಿಮರ್ಶೆಯ ಅತ್ಯಂತ ಹಳೆಯ, ಅತ್ಯಂತ ಫಲಕಾರಿಯಾದ ಸಾಧನ, ಮತ್ತು ಅದನ್ನು ಮಕ್ಕಳ ಕೈಗೆ ಕೊಟ್ಟದ್ದು ಈ ಪರೀಕ್ಷೆಯ ಹೆಚ್ಚುಗಾರಿಕೆ. ಆದರೆ ಯಾಕೆ ಇದು, ಯಾಕೆ ಅದಲ್ಲ ಎಂದು ಅದು ಕೇಳಲಿಲ್ಲ. ಕೆಡಿಸಿದ ಚಿತ್ರವನ್ನು ಆರಿಸಿ, ತನ್ನ ಆಯ್ಕೆಗೆ ಗಟ್ಟಿಯಾದ ಕಾರಣ ಹೇಳಬಲ್ಲ ಮಗುವಿಗೆ ಅಂಕವಿಲ್ಲ. ಕಾರಣ ತಿಳಿಯದೆ ಮೂಲವನ್ನು ಮುಟ್ಟಿದ ಮಗುವಿಗೆ ಪೂರ್ತಿ ಅಂಕ.

ಇದರ ನಡುವೆ ಕಲಾಶಿಕ್ಷಣದ ಮುಖ್ಯ ಹೊಳೆ ಬೇರೆ ಕಡೆಗೆ ತಿರುಗಿತ್ತು. ವಿಯೆನ್ನಾದಲ್ಲಿ 1897ರಿಂದ ಮಕ್ಕಳ ಕಲಾತರಗತಿ ನಡೆಸಿದ ಫ್ರಾಂಟ್ಸ್ ಚಿಜೆಕ್, ಮಗುವಿನ ಚಿತ್ರಕ್ಕೆ ತನ್ನದೇ ಆದ ನಿಯಮವಿದೆ, ದೊಡ್ಡವರ ಕಲೆಯ ನೆರಳು ಅದರ ಮೇಲೆ ಬೀಳಬಾರದು ಎಂದು ಸಾರಿದನು. ಈ ನಿಲುವು ಮಕ್ಕಳನ್ನು ಪ್ಲಾಸ್ಟರ್ ಮೂರ್ತಿಗಳ ಸೆರೆಯಿಂದ ಬಿಡಿಸಿತು ನಿಜ. ಜೊತೆಯಲ್ಲೇ ದೊಡ್ಡವರ ಕಲೆಯನ್ನು ಮಕ್ಕಳಿಂದ ದೂರವೂ ಇಟ್ಟಿತು. ವಿಯೆನ್ನಾದಲ್ಲೇ ಓದಿ ಅಮೆರಿಕ ಸೇರಿದ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲಿ ಪ್ರಕಟಿಸಿದ ಗ್ರಂಥವು ಮಗುವಿನ ಸೃಜನಶೀಲತೆ ಮತ್ತು ಮನೋವಿಕಾಸವನ್ನು ಒಂದೇ ಎಳೆಯಲ್ಲಿ ಹೆಣೆದು ಒಂದು ತಲೆಮಾರಿನ ಶಿಕ್ಷಕರಿಗೆ ಮಾರ್ಗದರ್ಶಿಯಾಯಿತು. ಅದರ ಪ್ರಭಾವದಲ್ಲಿ ಮಗು ಮಾಡುವುದೇ ಮುಖ್ಯವಾಗಿ, ನೋಡುವುದು ಮೂಲೆ ಸೇರಿತು. ಇವೆರಡನ್ನೂ ಒಟ್ಟಿಗೆ ನಡೆಸಿದ ಅಪರೂಪದ ಶಿಕ್ಷಕಿ ಇಂಗ್ಲೆಂಡಿನ ಡಡ್ಲಿ ಊರಿನ ಮೇರಿಯನ್ ರಿಚರ್ಡ್‌ಸನ್. ಅವಳ ವಿದ್ಯಾರ್ಥಿನಿಯರ ಚಿತ್ರಗಳನ್ನು 1917ರಲ್ಲಿ ಕಂಡು ಬೆರಗಾದವನು, ಆಧುನಿಕ ಫ್ರೆಂಚ್ ಕಲೆಯನ್ನು ಇಂಗ್ಲೆಂಡಿಗೆ ಪರಿಚಯಿಸಿದ ವಿಮರ್ಶಕ ರೋಜರ್ ಫ್ರೈ. ರಿಚರ್ಡ್‌ಸನ್ ಮಕ್ಕಳ ಚಿತ್ರಕ್ಕೆ ತಾನೇ ಅಂಕ ಹಾಕಿ ಮುಗಿಸುವ ಬದಲು, ತಮ್ಮ ಚಿತ್ರ ಮನಸ್ಸಿನಲ್ಲಿ ಕಂಡದ್ದಕ್ಕೆ ನಿಜವಾಗಿದೆಯೇ ಎಂದು ಅವರೇ ತೂಗಿ ನೋಡುವಂತೆ ಮಾಡುತ್ತಿದ್ದಳು. ತನ್ನ ಕೆಲಸದ ಬಗ್ಗೆ ಪ್ರಾಮಾಣಿಕವಾಗಿ ಮಾತಾಡಲು ಕಲಿತ ಮಗುವಿಗೆ ಬೇರೆಯವರ ಕೆಲಸದ ಬಗ್ಗೆ ಮಾತಾಡುವ ಹಕ್ಕು ಮತ್ತು ಹೊಣೆ ಎರಡೂ ಬರುತ್ತವೆಯೆಂಬುದು ಇದರ ಹಿಂದಿನ ತಿಳಿವು.

1960ರ ದಶಕದ ಅಮೆರಿಕದಲ್ಲಿ ಗಾಳಿ ಮತ್ತೆ ತಿರುಗಿ, ಕಲಾವಿದನಷ್ಟೇ ಅಲ್ಲದೆ ಕಲಾ ಇತಿಹಾಸಕಾರನೂ ವಿಮರ್ಶಕನೂ ಶಾಲಾ ಪಾಠಕ್ಕೆ ಮಾದರಿಯಾಗಬೇಕೆಂಬ ವಾದ ಬಲಗೊಂಡಿತು. ಎಡ್ಮಂಡ್ ಫೆಲ್ಡ್‌ಮನ್ ಸೂಚಿಸಿದ ನಾಲ್ಕು ಮೆಟ್ಟಿಲುಗಳು, ಅಂದರೆ ಕಂಡದ್ದನ್ನು ವಿವರಿಸುವುದು, ಅವುಗಳ ಸಂಬಂಧವನ್ನು ವಿಶ್ಲೇಷಿಸುವುದು, ಅರ್ಥವನ್ನು ಊಹಿಸುವುದು, ಕೊನೆಗೆ ಬೆಲೆ ಕಟ್ಟುವುದು, ಇಂದಿಗೂ ಹಲವು ದೇಶಗಳ ಪಠ್ಯಗಳಲ್ಲಿ ಉಳಿದಿವೆ. 1980ರ ದಶಕದಲ್ಲಿ ಗೆಟ್ಟಿ ಸಂಸ್ಥೆಯ ಬೆಂಬಲದಿಂದ ಹರಡಿದ ಪಠ್ಯಕ್ರಮವು ಕಲಾರಚನೆ, ಇತಿಹಾಸ, ವಿಮರ್ಶೆ, ಸೌಂದರ್ಯಮೀಮಾಂಸೆ ಎಂಬ ನಾಲ್ಕನ್ನೂ ಸಮವಾಗಿ ಕಲಿಸಹೊರಟು, ಪಶ್ಚಿಮ ಯೂರೋಪಿನ ಕಲೆಗೇ ಅಂಟಿಕೊಂಡಿದೆಯೆಂಬ ಟೀಕೆಗೆ ಒಳಗಾಯಿತು.

ಹೆಚ್ಚು ಆಳದ ತಿರುವು ಬಂದದ್ದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ. 1983ರಿಂದ ಹತ್ತು ವರ್ಷ ಅಲ್ಲಿನ ಶಿಕ್ಷಣ ವಿಭಾಗದ ಮುಖ್ಯಸ್ಥನಾಗಿದ್ದ ಫಿಲಿಪ್ ಯೆನವೈನ್, ತಮ್ಮ ಉಪನ್ಯಾಸಗಳನ್ನು ಮೆಚ್ಚಿ ಕೇಳಿದವರಿಗೇ ಅವುಗಳಲ್ಲಿ ಬಹುಪಾಲು ನೆನಪಿನಲ್ಲಿ ಉಳಿಯುವುದಿಲ್ಲವೆಂದು ಕಂಡುಕೊಂಡನು. ಜನ ಚಿತ್ರದ ಮುಂದೆ ನಿಂತು ಮನಸ್ಸಿಗೆ ಬಂದದ್ದನ್ನೆಲ್ಲ ಹೇಳುವಂತೆ ಮಾಡಿ ಆ ಮಾತುಗಳನ್ನು ಅಧ್ಯಯನ ಮಾಡಿದ್ದ ಮನಶ್ಶಾಸ್ತ್ರಜ್ಞೆ ಅಬಿಗೇಲ್ ಹೌಸನ್ ಜೊತೆಗೂಡಿ ಆತ ರೂಪಿಸಿದ ವಿಧಾನದಲ್ಲಿ ಶಿಕ್ಷಕರು ಏನನ್ನೂ ತಿಳಿಸುವುದಿಲ್ಲ. ಈ ಚಿತ್ರದಲ್ಲಿ ಏನು ನಡೆಯುತ್ತಿದೆ, ಚಿತ್ರದಲ್ಲಿ ಏನನ್ನು ಕಂಡು ಹಾಗೆ ಹೇಳುತ್ತಿದ್ದೀರಿ, ಇನ್ನೂ ಏನು ಕಾಣುತ್ತದೆ ಎಂಬ ಮೂರೇ ಪ್ರಶ್ನೆಗಳನ್ನು ಕೇಳುತ್ತಾರೆ. ನಡುವಿನ ಪ್ರಶ್ನೆಯೇ ಇಲ್ಲಿ ಪ್ರಧಾನ. ಹಾರ್ಸ್‌ಫಾಲ್‌ನ ಚೀಟಿಯೂ ಪೆರಿ ಹಾಳೆಯೂ ಅಯೋವಾದ ಪರೀಕ್ಷೆಯೂ ಮಗುವಿನಿಂದ ಕೇಳದೆ ಬಿಟ್ಟದ್ದನ್ನು ಅದು ಕೇಳುತ್ತದೆ, ಮತ್ತು ಯಾವ ಅಭಿಪ್ರಾಯಕ್ಕೂ ಕಣ್ಣೆದುರಿನ ಸಾಕ್ಷಿಯನ್ನು ಬೇಡುತ್ತದೆ. ಆದರೆ ಚಿತ್ರ ಒಳ್ಳೆಯದೇ, ಕಲಾವಿದನು ಗೆದ್ದನೇ ಸೋತನೇ ಎಂದು ಆ ಮೂರು ಪ್ರಶ್ನೆಗಳಲ್ಲಿ ಯಾವುದೂ ಕೇಳುವುದಿಲ್ಲ. ಫೆಲ್ಡ್‌ಮನ್ ಕೊನೆಯ ಮೆಟ್ಟಿಲಿಗೆ ಮುಂದೂಡಿದ್ದ ತೀರ್ಪನ್ನು ಇವರು ಕೈಬಿಟ್ಟೇಬಿಟ್ಟರು. ಇದು ದೊಡ್ಡ ನಷ್ಟವೆಂದೇ ಹೇಳಬೇಕು, ಏಕೆಂದರೆ ಕಾರಣ ಕೊಡಲು ಕಲಿತ ಮಗು ಬೆಲೆ ಕಟ್ಟಲೂ ಸಿದ್ಧವಾಗಿರುತ್ತದೆ.

ಭಾರತಕ್ಕೆ ಈ ಚರಿತ್ರೆಯ ಮೊದಲ ಭಾಗ ಬಂದಷ್ಟು ಬೇಗ ಉಳಿದ ಭಾಗಗಳು ಬರಲಿಲ್ಲ. ಸೌತ್ ಕೆನ್ಸಿಂಗ್ಟನ್ ಪದ್ಧತಿಯು ಮುಂಬಯಿಯ ಜೆ.ಜೆ. ಕಲಾಶಾಲೆಯಂಥ ಸಂಸ್ಥೆಗಳ ಮೂಲಕ ಇಲ್ಲಿ ನೆಲೆಯೂರಿತು. ವಸ್ತುಚಿತ್ರ, ನೆನಪಿನ ಚಿತ್ರ, ವಿನ್ಯಾಸ, ಜ್ಯಾಮಿತಿ ಮತ್ತು ಅಕ್ಷರಲೇಖನಗಳನ್ನೊಳಗೊಂಡ ಮುಂಬಯಿಯ ಡ್ರಾಯಿಂಗ್ ಗ್ರೇಡ್ ಪರೀಕ್ಷೆಗಳೂ ಕರ್ನಾಟಕದ ಲೋವರ್ ಮತ್ತು ಹೈಯರ್ ಗ್ರೇಡ್ ಪರೀಕ್ಷೆಗಳೂ ಕೈಯ ಪಳಗುವಿಕೆಯನ್ನೇ ಅಳೆಯುವ ಆ ವಂಶಕ್ಕೆ ಸೇರಿದವು. ನೋಡುವುದನ್ನು ಕಲಿಸಬೇಕೆಂದು ಸ್ಪಷ್ಟವಾಗಿ ಬರೆದವರು ಶಾಂತಿನಿಕೇತನದ ನಂದಲಾಲ್ ಬೋಸ್. ತರಗತಿಯಲ್ಲೂ ಗ್ರಂಥಾಲಯದಲ್ಲೂ ಒಳ್ಳೆಯ ಚಿತ್ರ, ಶಿಲ್ಪ, ಕರಕುಶಲ ವಸ್ತುಗಳನ್ನು ಇಡಬೇಕು, ಮಕ್ಕಳನ್ನು ಸಂಗ್ರಹಾಲಯಗಳಿಗೆ ಕರೆದೊಯ್ಯಬೇಕು, ಪ್ರಕೃತಿಯನ್ನು ನೋಡುವ ಅಭ್ಯಾಸ ಬೆಳೆಸಬೇಕು ಎಂದು ಅವರು ಸಲಹೆ ಮಾಡಿದರು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಅಂಗವಾಗಿ ಸಿದ್ಧವಾದ ಕಲಾಶಿಕ್ಷಣದ ವರದಿಯು ಹತ್ತನೆಯ ತರಗತಿಯವರೆಗೆ ಕಲೆ ಕಡ್ಡಾಯ ವಿಷಯವಾಗಬೇಕೆಂದು ಹೇಳಿತು.

ಕನ್ನಡ ನಾಡಿನ ಮಕ್ಕಳಿಗೆ ಲಿಖ್ಟ್‌ವಾರ್ಕ್‌ನ ಸ್ಥಳೀಯ ಕೃತಿಗಳ ತತ್ವವನ್ನು ಅನ್ವಯಿಸುವುದಾದರೆ, ಮುದ್ರಿತ ಪ್ರತಿಯ ಹಂಗೇ ಇಲ್ಲದ ಪಾಠಶಾಲೆಗಳು ಹೊಯ್ಸಳರ ಕಾಲದಿಂದ ನಿಂತಿವೆ. ಬೇಲೂರಿನ ಮದನಿಕೆಯರಲ್ಲಿ ಹಲವರ ಅಡಿಯಲ್ಲಿ ಶಿಲ್ಪಿಗಳು ತಮ್ಮ ಹೆಸರು ಕೆತ್ತಿದ್ದಾರೆ. ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಅವರಲ್ಲಿ ಸೇರಿದ್ದಾರೆ, ಆದುದರಿಂದ ತಂದೆಯ ಕೈಯನ್ನೂ ಮಗನ ಕೈಯನ್ನೂ ಹೋಲಿಸಿ ನೋಡಲು ಅಲ್ಲಿ ಸಾಧ್ಯವಿದೆ. ಇನ್ನೂ ಸುಲಭವಾದ ಉದಾಹರಣೆ ಹಾಸನ ಜಿಲ್ಲೆಯ ನುಗ್ಗೇಹಳ್ಳಿಯಲ್ಲಿದೆ. 1246ರಲ್ಲಿ ಕಟ್ಟಿದ ಅಲ್ಲಿನ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ದಕ್ಷಿಣದ ಗೋಡೆಯ ಮೂರ್ತಿಗಳನ್ನು ಬೈಚೋಜನೂ ಉತ್ತರದ ಗೋಡೆಯವನ್ನು ಮಲ್ಲಿತಮ್ಮನೂ ಕೆತ್ತಿದ್ದಾರೆ: ಒಂದೇ ಕಾಲ, ಒಂದೇ ಕಲ್ಲು, ಒಂದೇ ದೇವಾಲಯ, ಎರಡು ಕೈ. ಶಾಲಾ ಪ್ರವಾಸದ ಬಸ್ಸುಗಳು ಬೇಲೂರು ಹಳೇಬೀಡಿಗೆ ಹೋಗಿ, ರಾಜರ ಹೆಸರು ಮತ್ತು ಇಸವಿಗಳನ್ನು ಕೇಳಿಸಿಕೊಂಡು ಮರಳುತ್ತವೆ. ಅವುಗಳಲ್ಲಿ ಒಂದಾದರೂ ನುಗ್ಗೇಹಳ್ಳಿಯಲ್ಲಿ ನಿಂತು, ಮಕ್ಕಳಿಗೆ ಶಿಲ್ಪಿಗಳ ಹೆಸರನ್ನೂ ಹೇಳದೆ ಎರಡು ಗೋಡೆಗಳನ್ನು ಸುತ್ತಲು ಬಿಟ್ಟು, ಯಾವ ಗೋಡೆ ಮೇಲು, ಕಲ್ಲಿನಲ್ಲಿ ಏನನ್ನು ಕಂಡು ಹಾಗೆನ್ನುತ್ತೀರಿ ಎಂದು ಕೇಳಿದರೆ, ಒಡವೆಯ ನವಿರನ್ನು ಮೆಚ್ಚಿ ಒಬ್ಬಳು ದಕ್ಷಿಣಕ್ಕೂ ನಿಲುವಿನ ಬಿಗಿಯನ್ನು ಮೆಚ್ಚಿ ಇನ್ನೊಬ್ಬನು ಉತ್ತರಕ್ಕೂ ವಾದಿಸಬಹುದು, ಮತ್ತು ಆ ವಾದವನ್ನು ಮುಗಿಸಿಬಿಡುವ ಸರಿಯುತ್ತರ ಶಿಕ್ಷಕರ ಕೈಯಲ್ಲೂ ಇರುವುದಿಲ್ಲ.